ಅಕ್ಕ ಹೇಳಿದ್ದು, ನಾನು ಬಿಟ್ಟದ್ದು

ಕಳೆದ ವಾರ ಆಳಂದದ ಬಸ್ ನಿಲ್ದಾಣದಲ್ಲಿ ಅಫಜಲಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಬಂಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಕಾದ ಎಣ್ಣೆಗೆ ಕಡಲೆಹಿಟ್ಟು ಬಿದ್ದ ವಾಸನೆ ಮೊದಲು ಬಂತು, ಅದರ ಬೆನ್ನಿಗೇ ಹಸಿಮೆಣಸಿನಕಾಯಿಯ ಘಾಟು. ಜೊತೆಗಿದ್ದ ನಮ್ಮ ಶಾಲೆಯ ಗಣಿತದ ಮೇಡಂ, "ಬರ್ರಿ, ಒಂದೊಂದ್ ಪ್ಲೇಟ್ ತಿನ್ನೂನು, ಬಸ್ಸಿಗಿನ್ನಾ ಟೈಮ್ ಅದ" ಎಂದರು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಹೊಟ್ಟೆ ಸರಿಯಾಗಿಯೇ ಇತ್ತು. ಮಿರ್ಚಿ ಮಾತ್ರ ಈಗ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೆ ಕಾರಣ ಜೇವರ್ಗಿಯ ಒಬ್ಬ ಹೆಣ್ಣುಮಗಳು. ಓಣಿಯವರಿಗೆ ಆಕೆ ಬ್ಲೌಸ್ ಹೊಲಿಯುವವಳು, ನಮ್ಮ ಪತ್ರಿಕೆಯ ಓದುಗರಿಗೆ ಕಥೆಗಾರ್ತಿ, ನನಗೆ ಅಕ್ಕ.

ಪತ್ರಿಕೆ ಎಂದೆ. ಅಚ್ಚಾಗುವ ಪತ್ರಿಕೆ ಅಲ್ಲ, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಓದುವ ಸಾಹಿತ್ಯದ ವೆಬ್ ಪತ್ರಿಕೆ. ಪ್ರೆಸ್ಸಿಲ್ಲ, ಅಂಚೆಯಿಲ್ಲ, ಕಚೇರಿಯೂ ಇಲ್ಲ. ಸಂಪಾದಕರು ಧಾರವಾಡದ ತಮ್ಮ ಮನೆಯಲ್ಲಿ ಕೂತು ನಡೆಸುತ್ತಿದ್ದರು. ನಾನು ಅಫಜಲಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರಹಗಾರರನ್ನು ಮಾತಾಡಿಸಿಕೊಂಡು ಬರುತ್ತಿದ್ದೆ. ಹೆಸರು ಮಾಡಿದವರ ಮುಂದೆ ಮೈಕ್ ಹಿಡಿಯಲು ನೂರು ಮಂದಿ ಇದ್ದಾರೆ, ನಮ್ಮ ಕಡೆಯ ಸಣ್ಣಪುಟ್ಟ ಬರಹಗಾರರನ್ನು ಕೇಳುವವರು ಯಾರು ಎಂಬುದು ನನ್ನ ಜಂಬ. ಪ್ರತಿ ಭಾನುವಾರ ನನ್ನದೊಂದು ಸಂದರ್ಶನ ಬರುತ್ತಿತ್ತು. ಎರಡು ತಾಸಿನ ಮಾತನ್ನು ಹತ್ತು ನಿಮಿಷದ ಓದಿಗೆ ಇಳಿಸುವುದರಲ್ಲಿ ನನ್ನ ಕೈ ಪಳಗಿತ್ತು. ಎಲ್ಲಿ ನಿಲ್ಲಿಸಿದರೆ ಓದುಗನಿಗೆ ನಾಟುತ್ತದೆ ಎಂದು ಗೊತ್ತಿತ್ತು. "ನಿಮ್ಮ ಕತ್ತರಿ ಭಾಳ ಚೂಪ ಅದರೀ" ಎಂದು ಸಂಪಾದಕರು ಹೊಗಳಿದ ದಿನ ನಾನು ಮನೆಯಲ್ಲಿ ಹಬ್ಬದ ಅಡುಗೆ ಮಾಡಿದ್ದೆ. ನಗಬೇಡಿ, ಆಗ ಅದು ನನಗೆ ದೊಡ್ಡ ಮಾತು.

ಅಕ್ಕನ ಮೊದಲ ಕಥೆ ವಾಟ್ಸಾಪಿನಲ್ಲಿ ಫೋಟೋಗಳಾಗಿ ಬಂದಿತ್ತು. ಗಿರಾಕಿಗಳ ಅಳತೆ ಬರೆದಿಟ್ಟುಕೊಳ್ಳುವ ನೋಟ್‌ಬುಕ್ಕಿನಲ್ಲಿ, ಖಾಲಿ ಉಳಿದ ಬಲಬದಿಯ ಹಾಳೆಗಳ ಮೇಲೆ ಬರೆದಿದ್ದಳು. ಒಂದು ಹಾಳೆಯಲ್ಲಿ ಕಥೆಯ ನಾಯಕಿ ಅಳುತ್ತಿದ್ದರೆ ಎದುರು ಹಾಳೆಯಲ್ಲಿ ಯಾರದೋ ತೋಳು ಎಂಟು, ಉದ್ದ ಹದಿನಾಲ್ಕು. ನಾನೇ ಕೂತು ಟೈಪ್ ಮಾಡಿದೆ. ಎರಡನೆಯ ಕಥೆ ಬಂದಾಗ ಸಂಪಾದಕರಿಗೆ ಫೋನ್ ಮಾಡಿ, ಈ ಹೆಣ್ಣುಮಗಳ ಸಂದರ್ಶನ ಮಾಡಲೇಬೇಕು ಎಂದೆ. ಮೂರನೆಯ ಕಥೆ ಬರುವ ಹೊತ್ತಿಗೆ ನಾನು ಎರಡು ಸಲ ಜೇವರ್ಗಿಗೆ ಹೋಗಿ ಬಂದಿದ್ದೆ. ಮೊದಲ ಸಲ ಹೋದಾಗ ಅವಳಿಗೆ ನಾನು ಮೇಡಂ ಆಗಿದ್ದೆ, ಎರಡನೆಯ ಸಲಕ್ಕೆ ತಂಗಿ. ನಾನೂ ರೀ ಬಿಟ್ಟು ಅಕ್ಕ ಎನ್ನತೊಡಗಿದೆ. ನನಗೆ ಒಡಹುಟ್ಟಿದವರಿಲ್ಲ, ಆ ಶಬ್ದ ನನಗೆ ಬೇಕಾಗಿತ್ತು.

ಬಾಗಿಲಿಗೆ ಹತ್ತಿಕೊಂಡೇ ಅವಳ ಹೊಲಿಗೆ ಮಷೀನು. ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತಿತ್ತು, ಓಣಿಯೂ ಅಲ್ಲಿಂದಲೇ ಪೂರ್ತಿ ಕಾಣುತ್ತಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮಕ್ಕಳಿರಲಿಲ್ಲ. ಪಕ್ಕದ ಮನೆಯ ಚಾಚಿ ಹಗಲೆಲ್ಲ ಇವಳ ಹೊಸ್ತಿಲ ಮೇಲೆಯೇ ಇರುತ್ತಿದ್ದರು. ನಾನು ಹೋದ ಕೂಡಲೇ, "ಮೇಡಂ ಆಯೇ ಕ್ಯಾ? ಕೂಡ್ರಿ, ಕೂಡ್ರಿ, ಚಾ ನಮ್ಮನ್ಯಾಗಿಂದು" ಎಂದು ಎದ್ದು ಹೋಗುತ್ತಿದ್ದರು. ಅಕ್ಕ ಮಷೀನು ತುಳಿಯುತ್ತಲೇ ಮಾತಾಡುವವಳು. ಅವಳ ಮಾತೆಲ್ಲ ಕೊನೆಗೆ ಸರಸಂಬಾಕ್ಕೆ ಹೋಗಿ ನಿಲ್ಲುತ್ತಿತ್ತು. ಅದು ಅವಳ ತವರು. ಅಲ್ಲಿ ಉಳಿದಿದ್ದವನು ತಮ್ಮ ಒಬ್ಬನೇ. ಪ್ರತಿ ವರ್ಷ ನಾಗರ ಪಂಚಮಿಗೆ ನಾಲ್ಕು ದಿನ ಮೊದಲು ಅವನು ಗಾಡಿ ತಗೊಂಡು ಅಕ್ಕನನ್ನು ಕರೆಯಲು ಬರುತ್ತಿದ್ದ. ಬಸ್ಸಿಗೆ ನಾನೇ ಬರುತ್ತೇನೆ ಎಂದರೆ ಕೇಳುತ್ತಿರಲಿಲ್ಲವಂತೆ. "ಕರಿಯಾಕ ಬಂದಾಗ ಹೋಗೂದು ಬ್ಯಾರೆ, ನಾವೇ ಹೋಗೂದು ಬ್ಯಾರೆ ತಂಗೀ. ಕರದ್ರನೇ ಅದು ತವರುಮನಿ" ಎಂದು ಅಕ್ಕ ಒಮ್ಮೆ ಹೇಳಿದ್ದಳು.

ಮೂರನೆಯ ಕಥೆ ಅಕ್ಕ-ತಮ್ಮನದೇ ಆಗಿತ್ತು. ತಮ್ಮನೊಬ್ಬ ಅಕ್ಕನನ್ನು ತಾಲೂಕಿನ ಕಚೇರಿಗೆ ಕರೆದೊಯ್ದು, ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡ ಎಂಬ ಕಾಗದಕ್ಕೆ ಅವಳ ರುಜು ಹಾಕಿಸುತ್ತಾನೆ. ಆಮೇಲೆ ಹೊರಗಿನ ಬಂಡಿಯಲ್ಲಿ ಮಿರ್ಚಿ ತಿನ್ನಿಸಿ ಬಸ್ಸು ಹತ್ತಿಸುತ್ತಾನೆ. ಅಷ್ಟೇ ಕಥೆ. ಯಾರೂ ಜಗಳಾಡುವುದಿಲ್ಲ, ಯಾರೂ ಅಳುವುದಿಲ್ಲ. ಓದಿ ಮುಗಿಸಿದವಳೇ ಸಂದರ್ಶನಕ್ಕೆ ದಿನ ಗೊತ್ತುಮಾಡಿದೆ.

ಸಂದರ್ಶನಕ್ಕೆ ಹೋದ ದಿನ ಬಿರುಬೇಸಿಗೆ. ಫೋನನ್ನು ಮಷೀನಿನ ಹಲಗೆಯ ಮೇಲಿಟ್ಟು ರೆಕಾರ್ಡಿಂಗ್ ಹಾಕಿದೆ. ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ: ಈ ಕಥೆ ನಿಮ್ಮ ಜೀವನದಲ್ಲೇ ನಡೆದದ್ದೇ?

ಅಕ್ಕ ತಲೆ ಎತ್ತಲಿಲ್ಲ. "ಮತ್ತ್ಯಾರದಂತ ತಿಳದೀ? ರುಜು ಮಾಡಿದ ಕೈ ಇದೇ ನೋಡು. ಆಳಂದದಾಗ ಕಚೇರಿ ಮುಂದ ಮಿರ್ಚಿ ತಿನಿಸಿ ಬಸ್ ಹತ್ತಿಸಿದಾಂವ ನನ್ನ ತಮ್ಮನೇ. ನನ್ನ ಪಾಲಿಗೆ ಬಂದದ್ದು ಒಂದ್ ಪ್ಲೇಟ್ ಮಿರ್ಚಿ" ಎಂದಳು. ಮಷೀನು ನಿಂತಿತು. ಹಲ್ಲಿನಿಂದ ದಾರ ಕಡಿದು, ಬ್ಲೌಸು ತಿರುವಿ ಹಾಕಿ, ಆಮೇಲೆ ಮೆಲ್ಲಗೆ ಹೇಳಿದಳು. "ಆದ್ರ ಅವತ್ತ ಅಂವ ತನ್ನ ಪ್ಲೇಟಿಂದೂ ನನಗೇ ಹಾಕಿದ. ಅವ್ವ ಸತ್ತಾಗ ಅಂವಗ ಆರು ವರ್ಷ, ನನ್ನ ಸೆರಗ ಹಿಡಕೊಂಡೇ ದೊಡ್ಡಾಂವ ಆದ ಕೂಸು. ಇನ್ನೊಂದ್ ಸಲ ಕೇಳಿದ್ರೂ ರುಜು ಮಾಡ್ತೇನಿ ತಂಗೀ."

ಅಂದು ಮನೆಗೆ ಬಂದು ಬರೆಯಲು ಕೂತಾಗ ಒಂದು ಪ್ಲೇಟ್ ಮಿರ್ಚಿಯ ಮಾತು ಚಿನ್ನದ ಹಾಗೆ ಕಂಡಿತು. ಅದರ ಮುಂದಿನದು... ಏನೆಂದು ಹೇಳಲಿ, ಅದು ಮೊದಲಿನ ಮಾತಿನ ಮೊನೆಯನ್ನು ಮೊಂಡು ಮಾಡುತ್ತದೆ ಎನ್ನಿಸಿತು. ಪಾಲು ಕಳೆದುಕೊಂಡ ಹೆಣ್ಣುಮಗಳು ತಮ್ಮನನ್ನು ಹೊಗಳಿದರೆ ಓದುಗರು ಏನೆಂದುಕೊಳ್ಳಬೇಕು? ನನ್ನ ಮನಸ್ಸಿನಲ್ಲಿ ಆಗಲೇ ಒಬ್ಬ ಅಕ್ಕ ತಯಾರಾಗಿದ್ದಳು. ಈ ಅಕ್ಕ ಅವಳಿಗೆ ಹೊಂದಲಿಲ್ಲ. ಪ್ಲೇಟಿನ ಮಾತು, ಸೆರಗಿನ ಮಾತು, ರುಜುವಿನ ಮಾತು ಮೂರನ್ನೂ ತೆಗೆದೆ. ಬರಹ ಬಿಗಿಯಾಯಿತು. 'ನನ್ನ ಪಾಲಿಗೆ ಬಂದದ್ದು ಒಂದು ಪ್ಲೇಟ್ ಮಿರ್ಚಿ' ಎಂದು ಶೀರ್ಷಿಕೆ ಕೊಟ್ಟೆ.

ಪ್ರಕಟಿಸುವ ಮೊದಲು ಸಂದರ್ಶನವನ್ನು ಬರಹಗಾರರಿಗೆ ಕಳಿಸಿ ಒಪ್ಪಿಗೆ ತೆಗೆದುಕೊಳ್ಳುವುದು ನಮ್ಮ ಪತ್ರಿಕೆಯ ಕ್ರಮ. ನಾನು ಕಳಿಸಿದೆ. ಅಕ್ಕನಿಂದ ವಾಯ್ಸ್ ಮೆಸೇಜ್ ಬಂತು, ಹಿಂದೆ ಮಷೀನಿನ ಸದ್ದು. "ನೀ ಬರದದ್ದು ಛಲೋನೇ ಇರ್ತದ ಬಿಡು. ನಾ ಆಡಿದ ಮಾತು ನಾನೇ ಮತ್ತೇನ್ ಓದೂದು? ಮದಿವಿ ಸೀಸನ್ ಅದ, ಕಣ್ಣ ಎತ್ತಾಕ ಪುರಸತ್ತಿಲ್ಲ. ಹಾಕಿಬಿಡು." ಅವಳು ಓದಿಲ್ಲ ಎಂದು ಆ ಮೆಸೇಜೇ ಹೇಳುತ್ತಿತ್ತು. ನಾನು ಕೇಳಿಸಿಕೊಂಡದ್ದು 'ಹಾಕಿಬಿಡು' ಎಂಬುದನ್ನು ಮಾತ್ರ.

ಹಾಕಿದೆವು. ಅಕ್ಕನ ಫೋಟೋ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಆ ಸಾಲು ಇಟ್ಟು, ಹಂಚಿಕೊಳ್ಳಲೆಂದು ಒಂದು ಚಿತ್ರವನ್ನೂ ಮಾಡಿದೆವು. ನನ್ನ ಸಂದರ್ಶನಗಳಲ್ಲಿ ಅಷ್ಟು ಓಡಾಡಿದ್ದು ಇನ್ನೊಂದಿಲ್ಲ. ಎಲ್ಲೆಲ್ಲಿಂದಲೋ ಹೆಣ್ಣುಮಕ್ಕಳು ಬರೆದರು, ತಮ್ಮದೂ ಅದೇ ಕಥೆ ಎಂದರು. ಅವರು ಬರೆದದ್ದು ಸುಳ್ಳಲ್ಲ. ಹಾಗಾಗಿ ನಾನೊಂದು ಒಳ್ಳೆಯ ಕೆಲಸ ಮಾಡಿದ್ದೇನೆ ಎಂದು ಬೀಗಿದೆ. ಚಿತ್ರ ಒಬ್ಬರಿಂದ ಒಬ್ಬರಿಗೆ ಹೋಗುತ್ತ ಹೋಗುತ್ತ ಸರಸಂಬಾದವರ ಗ್ರೂಪಿಗೂ ಬಿತ್ತು.

ಆ ವರ್ಷದ ಪಂಚಮಿಯ ದಿನ ಹಬ್ಬದ ಮಾತಿಗೆಂದು ಅಕ್ಕನಿಗೆ ಫೋನ್ ಮಾಡಿದೆ, ಸರಸಂಬಾದಲ್ಲಿ ಇರುತ್ತಾಳೆ ಎಂದುಕೊಂಡು. ಫೋನೆತ್ತಿದವರು ಚಾಚಿ. "ಇಲ್ಲೇ ಅದಾಳ ನೋಡ್ರಿ. ನಾಕ್ ದಿನ ಆತು, ಬ್ಯಾಗ್ ಕಟ್ಟಿಟ್ಟು ಬಾಗಲಾಗೇ ಕುಂತಾಳ. ಗಾಡಿ ಸಪ್ಪಳ ಆದ್ರ ಎದ್ದು ನೋಡ್ತಾಳ. ತಮ್ಮ ಬಂದಿಲ್ಲ, ಫೋನ್ ಭೀ ಎತ್ತವಲ್ಲ" ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ತಿಳಿಯದು. ತಮ್ಮ ಯಾಕೆ ಬಂದಿಲ್ಲ ಎಂಬುದು ನನಗೆ ಮಾತ್ರ ತಕ್ಷಣ ಹೊಳೆಯಿತು.

ಮುಂದಿನ ಭಾನುವಾರವೇ ಜೇವರ್ಗಿಗೆ ಹೋದೆ. ದಾರಿಯುದ್ದಕ್ಕೂ ಅಕ್ಕ ಬೈಯಲಿ, ಬೈದರೆ ಹಗುರಾಗುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಹಬ್ಬಕ್ಕೆ ತವರಿಗೆ ಒಯ್ಯಲು ಮಾಡಿದ್ದ ಶೇಂಗಾ ಉಂಡಿಯನ್ನೇ ತಾಟಿನಲ್ಲಿಟ್ಟು ಕೊಟ್ಟಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ ಅಂದಳು. "ಮಿರ್ಚಿ ಮಾತು ಓದಿ ಸಿಟ್ಟ ಬಂದಿರತದ, ಬರ್ಲಿ. ಆದ್ರ ಅಂವನ ಒಳ್ಳೇದೂ ಹೇಳೇನಲ್ಲ ತಂಗೀ ಅದರಾಗ. ಪ್ಲೇಟಿಂದ್ ಹೇಳೇನಿ, ಸೆರಗ ಹಿಡಕೊಂಡದ್ದು ಹೇಳೇನಿ. ಇನ್ನೊಂದ್ ಸಲ ರುಜು ಮಾಡ್ತೇನಿ ಅಂತನೂ ಅಂದೇನಿ. ಅದನ್ನೂ ಓದಿರತಾನಲ್ಲ. ಅದನ್ನ ಓದಿದ ಮ್ಯಾಲೂ ಬರಲಿಲ್ಲ ಅಂದ್ರ..."

ಅವಳು ದಾರ ಎಳೆದು ಮಷೀನು ತುಳಿಯತೊಡಗಿದಳು. ಅದು ಅಲ್ಲಿಲ್ಲ ಅಕ್ಕ, ನಾನು ತೆಗೆದುಬಿಟ್ಟೆ ಎಂದು ಆಗ ಹೇಳಬೇಕಿತ್ತು. ಒಂದೇ ಸಾಲು. ಮಕ್ಕಳಿಗೆ ದಿನಕ್ಕೆ ಆರು ಪೀರಿಯಡ್ ಪಾಠ ಹೇಳುವ ಬಾಯಿ ಅದೊಂದು ಸಾಲು ಹೇಳಲಿಲ್ಲ. ಚಾಚಿ ಚಹಾ ತಂದರು. ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಒಮ್ಮೆ ಸಂಪಾದಕರಿಗೆ ಫೋನ್ ಮಾಡಿ, ಆ ಸಂದರ್ಶನದಿಂದ ಅವರ ಮನೆಯಲ್ಲಿ ಸ್ವಲ್ಪ ತೊಂದರೆಯಾಗಿದೆ ಎಂದಷ್ಟೇ ಹೇಳಿದೆ. "ಅವರ ಒಪ್ಪಿಗಿ ಅದ ಅಲ್ರೀ? ಮತ್ತ್ಯಾಕ ಚಿಂತಿ" ಎಂದರು. ಇದೆ ಎಂದೆ. ಆ ವಾಯ್ಸ್ ಮೆಸೇಜನ್ನು ಎಷ್ಟು ಸಲ ಹಾಕಿಕೊಂಡು ಕೇಳಿದ್ದೇನೋ, ಪ್ರತಿ ಸಲವೂ ಅದು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಬಿಟ್ಟ ಆ ಮಾತುಗಳನ್ನು ಪುಟಕ್ಕೆ ಸೇರಿಸುವುದು ಎರಡು ನಿಮಿಷದ ಕೆಲಸ. ಅಚ್ಚಾದ ಪುಸ್ತಕವಾಗಿದ್ದರೆ ಕೈಮೀರಿತು ಎನ್ನಬಹುದಿತ್ತು. ಇಲ್ಲಿ ಯಾವತ್ತು ಬೇಕಾದರೂ ಸೇರಿಸಬಹುದಿತ್ತು, ಅದಕ್ಕೇ ಯಾವತ್ತೂ ಸೇರಿಸಲಿಲ್ಲ. ಸೇರಿಸಿದರೆ ತೆಗೆದಿದ್ದೆ ಎಂಬುದು ಗೊತ್ತಾಗುತ್ತದೆ. ಅಕ್ಕ ನನ್ನನ್ನು ತಂಗಿ ಎನ್ನುವುದು ನಿಂತುಹೋಗುತ್ತದೆ. ನನ್ನ ಅಂಜಿಕೆ ಅಷ್ಟೇ ಆಗಿತ್ತು. ಅವಳ ತಮ್ಮ ಹೋದನಲ್ಲ ಎಂಬುದಕ್ಕಿಂತ ನನ್ನ ಅಕ್ಕ ಹೋದಾಳು ಎಂಬುದೇ ನನಗೆ ದೊಡ್ಡದಾಯಿತು. ತಮ್ಮ ಹೇಗಿದ್ದರೂ ಗ್ರೂಪಿಗೆ ಬಂದ ಚಿತ್ರವನ್ನಷ್ಟೇ ನೋಡಿರುತ್ತಾನೆ, ಲೇಖನ ತೆರೆದು ಯಾರು ಓದುತ್ತಾರೆ, ನಾನು ಆ ಮಾತು ಉಳಿಸಿದ್ದರೂ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಈ ಸಮಾಧಾನ ಮೂರು ವರ್ಷ ಬಾಳಿಕೆ ಬಂತು.

ಮೂರು ಪಂಚಮಿ ಹಾಗೇ ಹೋದವು. ಎರಡನೆಯ ವರ್ಷವೂ ಅಕ್ಕ ಬ್ಯಾಗು ಕಟ್ಟಿದ್ದಳಂತೆ. ಮೂರನೆಯ ವರ್ಷ ಕಟ್ಟಲಿಲ್ಲ. ಹಬ್ಬದ ಹಿಂದಿನ ದಿನ ಓಣಿಯವರ ಬ್ಲೌಸುಗಳನ್ನೆಲ್ಲ ಮುಗಿಸಿಕೊಟ್ಟು, ಬಾಗಿಲು ಹಾಕಿಕೊಂಡು ಮಲಗಿದ್ದಳು ಎಂದು ಚಾಚಿ ಹೇಳಿದರು. ಕಥೆ ಬರೆಯುವುದನ್ನೂ ಬಿಟ್ಟಳು. ನಾನು ಕೇಳಿದರೆ, "ಏನ್ ಬರದ್ರೂ ಯಾರಿಗರ ಚುಚ್ಚತದ ಬೇ, ಅರಿವಿ ಹೊಲದ್ರ ಹಂಗಾಗಂಗಿಲ್ಲ" ಎಂದು ನಗುತ್ತಿದ್ದಳು. ಆ ನಗು ನೋಡುವುದು ಕಷ್ಟವಾಗಿ ನಾನು ಜೇವರ್ಗಿಗೆ ಹೋಗುವುದನ್ನೇ ಕಡಿಮೆ ಮಾಡಿದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಚಾಚಿಯ ಫೋನ್ ಬಂತು. ಎದೆ ಹಿಡಿದಂಗಾಗತದ ಎಂದು ದವಾಖಾನೆಗೆ ಹೊರಟ ಅಕ್ಕ ದಾರಿಯಲ್ಲೇ ಹೋಗಿಬಿಟ್ಟಿದ್ದಳು. ನಾನು ತಲುಪುವಾಗ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂ ಹಾಕಿದ್ದರು. ಮಷೀನನ್ನು ಹೊರಗೆ ಓಣಿಯಲ್ಲಿಟ್ಟಿದ್ದರು. ಮಣ್ಣಿಗೆ ಒಯ್ಯಲು ಎಲ್ಲ ತಯಾರಾಗಿದ್ದರೂ ಯಾರೂ ಏಳುತ್ತಿರಲಿಲ್ಲ. ತವರಿನ ಸೀರೆ ಬರಬೇಕಿತ್ತು. ಹೆಣ್ಣುಮಗಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ತಮ್ಮ ಬರುತ್ತಾನೋ ಇಲ್ಲವೋ ಎಂದು ಹೆಂಗಸರು ಪಿಸುಗುಡುತ್ತಿದ್ದರು. ಅಕ್ಕನ ಗಂಡ ಓಣಿಯ ತುದಿಯನ್ನೇ ನೋಡುತ್ತ ನಿಂತಿದ್ದ.

ಮಧ್ಯಾಹ್ನ ದಾಟಿದ ಮೇಲೆ ಅವರು ಬಂದರು. ನಾನು ಆ ತಮ್ಮನನ್ನು ಕಂಡದ್ದು ಅದೇ ಮೊದಲು. ತಲೆ ನರೆತ, ಸಣಕಲು ಮನುಷ್ಯ. ಕಂಕುಳಲ್ಲಿ ಹಸಿರು ಇಳಕಲ್ ಸೀರೆ. ಅಕ್ಕನ ಮುಂದೆ ಬಂದು ಕೂತವರು ಸೀರೆಯನ್ನು ಅವಳ ಮಡಿಲಲ್ಲಿಟ್ಟು, ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಯಾರೋ ಬಂದು ಬಿಡಿಸುವವರೆಗೆ ಬಿಡಲಿಲ್ಲ.

ಮಣ್ಣು ಮುಗಿಸಿ ಬಂದು ಚಾಚಿಯ ಕಟ್ಟೆಯ ಮೇಲೆ ಕೂತಿದ್ದಾಗ ಅವರೇ ನನ್ನ ಹತ್ತಿರ ಬಂದರು. "ಪ್ಯಾಪರಿನ್ಯಾಗ ಬರದ ಮೇಡಂ ನೀವೇನ್ರಿ?" ಎಂದರು. ಹೌದೆಂದೆ.

"ಗ್ರೂಪಿನ್ಯಾಗ ಫೋಟೋ ನೋಡಿ ಸಿಟ್ಟಿಗೆದ್ದೆ ಅಂತ ಮಂದಿ ಅಂತಾರ. ಹಂಗಲ್ರೀ. ಹುಡುಕಿ ಪೂರಾ ಓದೇನಿ. ಮೂರ್ ಸಲ ಓದೇನಿ. ನಾ ಮಾಡಿದ್ದು ತಪ್ಪಲ್ಲ ಅಂತ ಅನ್ನಂಗಿಲ್ಲ, ರುಜು ಮಾಡಿಸಿದ್ದು ಖರೇನೇ ಅದ. ಆದ್ರ ನನ್ನ ಬಗ್ಗಿ ಇನ್ನೊಂದ್ ಮಾತರ ಅಂದಿರಬೇಕಲ್ಲ ಅಂತ ಹುಡುಕಿದೆ. ಎಲ್ಲೂ ಇರಲಿಲ್ಲ. ಅಷ್ಟೇ ಏನ್ ನಾ ಆಕಿಗೆ, ಅನಸ್ತು. ಮುಂದ ಯಾವ ಮಾರಿ ಇಟಗೊಂಡ್ ಕರಿಯಾಕ ಬರ್ಲಿ?"

ರೆಕಾರ್ಡಿಂಗ್ ನನ್ನ ಫೋನಿನಲ್ಲೇ ಇತ್ತು, ಫೋನು ಬದಲಿಸಿದಾಗಲೂ ಅದನ್ನು ಅಳಿಸಿರಲಿಲ್ಲ. ಹುಡುಕಿ ತೆಗೆದು ಅವರ ಕೈಗೆ ಕೊಟ್ಟೆ. ಮಷೀನಿನ ಸದ್ದು ಬಂತು, ಅಕ್ಕನ ದನಿ ಬಂತು. ಮಿರ್ಚಿಯ ಮಾತಿಗೆ ಅವರು ತಲೆ ತಗ್ಗಿಸಿದರು. ಸದ್ದು ನಿಂತಿತು. ಆಮೇಲಿನ ಮಾತು ಬಂತು. ಅದು ಮುಗಿದ ಮೇಲೂ ಅವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಚಾಚಿ ತಂದ ಚಹಾ ಕಟ್ಟೆಯ ಮೇಲೆ ಆರಿಹೋಯಿತು.

"ಇದನ್ನ ಯಾಕ ಬಿಟ್ರಿ ಮೇಡಂ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ತಿಳಿಯಲೆಂದು ಕೇಳಿದ ಹಾಗಿತ್ತು.

"ಉದ್ದ ಆಗ್ತಿತ್ತು" ಎಂದೆ.

ಅವರು ತಲೆಯಾಡಿಸಿದರು, ಏನೋ ಅರ್ಥವಾದವರ ಹಾಗೆ. "ಆಕಿಗೆ ಗೊತ್ತಿತ್ತೇನ್ರಿ, ನೀವು ಇದನ್ನ ಬಿಟ್ಟದ್ದು?"

ಇಲ್ಲ ಎಂದೆ. ಆ ಮಾತು ಓದಿದ ಮೇಲೂ ತಮ್ಮ ಬರಲಿಲ್ಲ ಎಂದುಕೊಂಡೇ ಅಕ್ಕ ಹೋದಳು ಎಂದು ಲೆಕ್ಕ ಹಾಕಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಎದ್ದು ಗಾಡಿಯ ಕಡೆ ಹೋದರು. ಗಾಡಿ ಚಾಲೂ ಮಾಡದೆ ಹ್ಯಾಂಡಲ್ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು... ಅವರು ಹೋದದ್ದನ್ನು ನಾನು ನೋಡಲಿಲ್ಲ.

ಅದಾದ ಮೇಲೆ ನಾನು ಯಾರ ಸಂದರ್ಶನವನ್ನೂ ಮಾಡಿಲ್ಲ. ಕಳೆದ ವಾರ ಆಳಂದದಿಂದ ಬಂದು, ಬಸ್ಸಿಳಿದು ಮನೆ ಸೇರಿದವಳು ಬಟ್ಟೆಯನ್ನೂ ಬದಲಿಸದೆ ಕಂಪ್ಯೂಟರ್ ತೆರೆದೆ. ಅಕ್ಕನ ಪುಟ ಹುಡುಕಿ, ಬಿಟ್ಟ ಮಾತುಗಳನ್ನು ಅವಳು ಹೇಳಿದ ಹಾಗೆಯೇ ಸೇರಿಸಿದೆ. ತಿದ್ದಿದ್ದಕ್ಕೆ ಕಾರಣ ಏನು ಎಂದು ಕೆಳಗೆ ಒಂದು ಟಿಪ್ಪಣಿ ಹಾಕಬೇಕು, ಅದು ಸಂಪಾದಕರ ನಿಯಮ. ಸ್ಥಳದ ಅಭಾವದಿಂದ ಕೈಬಿಟ್ಟಿದ್ದ ಮಾತುಗಳನ್ನು ಸೇರಿಸಲಾಗಿದೆ ಎಂದು ಬರೆದೆ. ವೆಬ್ ಪತ್ರಿಕೆಗೆ ಸ್ಥಳದ ಅಭಾವ ಎಲ್ಲಿಂದ ಬರಬೇಕು? ಅಳಿಸಿದೆ. ಅಕ್ಕ ಹೇಳಿದ್ದಳು, ನಾನು ಬಿಟ್ಟಿದ್ದೆ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ.

ಚಾಚಿಯಿಂದ ನಂಬರ್ ಪಡೆದು ಲಿಂಕನ್ನು ಅವಳ ತಮ್ಮನಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಓದಿದ ಗುರುತು ಬಿದ್ದಿದೆ. ಉತ್ತರ ಬಂದಿಲ್ಲ, ಬರಬೇಕು ಎಂದು ನಾನು ಕೇಳುವ ಹಾಗೂ ಇಲ್ಲ. ಇನ್ನೊಂದು ತಿಂಗಳಿಗೆ ಪಂಚಮಿ. ಸರಸಂಬಾದಿಂದ ಜೇವರ್ಗಿಗೆ ಈ ಸಲ ಯಾರೂ ಬರಬೇಕಾಗಿಲ್ಲ.